ಆಷಾಢದ ಗಾಳಿಯಲ್ಲಿ ಐದು ದಿನ

ಮೊದಲ ದಿನ

ಜೋಧಪುರದಿಂದ ಬರುವ ರೈಲಿನಿಂದ ಮಾವ ದಾವಣಗೆರೆಯಲ್ಲಿ ಇಳಿದಾಗ ಅವರ ಬಳಿ ಇದ್ದದ್ದು ಒಂದು ಕೈಚೀಲ ಮತ್ತು ಹಳೆಯ ಖಾಕಿ ಬಟ್ಟೆಯಲ್ಲಿ ಸುತ್ತಿದ ಭೂವಿಜ್ಞಾನಿಯ ಸುತ್ತಿಗೆ ಮಾತ್ರ. ಮೂವತ್ತಾರು ವರ್ಷ ಥಾರ್ ಮರಳುಗಾಡಿನಲ್ಲಿ ಕೆಲಸ ಮಾಡಿ, ನಿವೃತ್ತಿಯ ನಂತರವೂ ಅಲ್ಲಿಯೇ ಉಳಿದಿರುವ ನನ್ನ ಸೋದರಮಾವ ಊರಿಗೆ ಬರುವುದು ಅಪರೂಪ, ಅದೂ ಮದುವೆ ಮುಂಜಿಗಳಿಗೆ. ಈ ಬಾರಿ ಯಾವ ಶುಭಕಾರ್ಯವೂ ನಡೆಯದ ಆಷಾಢದಲ್ಲಿಯೇ ಬರುತ್ತೇನೆಂದು ಅವರು ಹಟ ಹಿಡಿದಾಗ ನಮಗೆಲ್ಲ ಆಶ್ಚರ್ಯವಾಗಿತ್ತು. "ಗಾಳಿ ಇರುವಾಗ ಬರಬೇಕಮ್ಮ. ಐದು ದಿನ ರಜೆ ಹಾಕು, ನೀನೇ ಗಾಡಿ ಓಡಿಸು" ಎಂದು ಫೋನಿನಲ್ಲಿ ಹೇಳಿದ್ದರು. ನಾನು ಚಿತ್ರದುರ್ಗದ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಕಲ್ಲುಗಳ ಪಾಠವನ್ನು ಪ್ರತಿ ವರ್ಷ ಮಾಡಿಯೂ ಕಲ್ಲನ್ನು ಓದಲು ಕಲಿತಿರಲಿಲ್ಲವಾದ್ದರಿಂದ ರಜೆ ಹಾಕುವುದಕ್ಕೆ ಎರಡನೆಯ ಮಾತು ಆಡಲಿಲ್ಲ.

ಮಧ್ಯಾಹ್ನ ಊಟ ಮುಗಿಸಿ ಕೋಟೆಗೆ ಹೋದೆವು. ಏಳು ಸುತ್ತಿನ ಕೋಟೆಯನ್ನು ನಾನು ನೂರು ಬಾರಿ ನೋಡಿದ್ದೇನೆ, ಆದರೆ ಒನಕೆ ಓಬವ್ವನ ಕಿಂಡಿಗೂ ಬತೇರಿಗಳಿಗೂ ಹೋಗುವ ದಾರಿಯಲ್ಲಿ ಮಾವ ನಿಂತು ನೋಡಿದ್ದು ಬಂಡೆಗಳ ಅಂಚುಗಳನ್ನು. ಈ ದುಂಡು ಗುಂಡುಗಳನ್ನು ಗಾಳಿ ಉಜ್ಜಿ ಉರುಟು ಮಾಡಿತೆಂದು ನಾನು ಮಕ್ಕಳಿಗೆ ಹೇಳಿಕೊಟ್ಟದ್ದು ತಪ್ಪೆಂದು ಅಲ್ಲಿಯೇ ತಿಳಿಯಿತು. ಗ್ರಾನೈಟ್ ನೆಲದೊಳಗೆ ಇದ್ದಾಗಲೇ ಅದರ ಸೀಳುಗಳಲ್ಲಿ ಮಳೆನೀರು ಇಳಿದು, ಮೂಲೆಗಳನ್ನು ಮೂರು ಕಡೆಯಿಂದಲೂ ಅಂಚುಗಳನ್ನು ಎರಡು ಕಡೆಯಿಂದಲೂ ಕೊಳೆಯಿಸುತ್ತ ಹೋಗುವುದರಿಂದ ಚೌಕವಾಗಿದ್ದ ಕಲ್ಲು ಗುಂಡಾಗುತ್ತದೆ. ಆಮೇಲೆ ಸುತ್ತಲಿನ ಪುಡಿಮಣ್ಣು ಕೊಚ್ಚಿ ಹೋಗಿ, ಗುಂಡು ಬಯಲಿಗೆ ಬರುತ್ತದೆ. ಕಣ್ಣಿಗೆ ಬೀಳುವ ಆಕಾರವನ್ನು ಈಗ ಬೀಸುವ ಗಾಳಿಯ ಲೆಕ್ಕಕ್ಕೆ ಬರೆಯಬಾರದು ಎಂಬುದು ತಮ್ಮ ಮೊದಲ ಪಾಠವಾಗಿತ್ತು ಎಂದು ಮಾವ ಹೇಳಿದರು.

ಅಕ್ಕ ತಂಗಿಯರ ಹೊಂಡದ ಬಳಿ ಬಹಳ ಹೊತ್ತು ಕುಳಿತೆವು. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿ ಹರಿದ ನೀರು ಇಲ್ಲಿಗೆ, ಇಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಅಲ್ಲಿಂದ ಊರೊಳಗಿನ ಸಂತೆ ಹೊಂಡಕ್ಕೆ ಇಳಿಯುವಂತೆ ಪಾಳೆಯಗಾರರ ಕಾಲದವರು ಕಟ್ಟಿದ್ದಾರೆ. ಬಂಡೆ ನೀರನ್ನು ಕುಡಿಯುವುದಿಲ್ಲ, ಬಿದ್ದ ಮಳೆಯಲ್ಲಿ ಹೆಚ್ಚಿನ ಪಾಲನ್ನು ಕೆಳಗೆ ಕೊಟ್ಟುಬಿಡುತ್ತದೆ, ಇಡೀ ವ್ಯವಸ್ಥೆ ನಿಂತಿರುವುದು ಆ ಗುಣದ ಮೇಲೆ. ಜೈಸಲ್ಮೇರಿನ ಸುತ್ತ ಪಾಲಿವಾಲ ಬ್ರಾಹ್ಮಣರು 15ನೆಯ ಶತಮಾನದಿಂದ ಕಟ್ಟುತ್ತ ಬಂದ 'ಖಡೀನ್'ಗಳಲ್ಲಿಯೂ ಇದೇ ತಿಳಿವಳಿಕೆ ಇದೆಯಂತೆ. ಕಲ್ಲು ನೆಲದ ಇಳಿಜಾರಿನ ಕೆಳಗೆ ಮಣ್ಣಿನ ಏರಿ ಹಾಕಿ, ಹರಿದು ಬಂದ ಮಳೆನೀರನ್ನು ನಿಲ್ಲಿಸಿ, ಅದು ಇಂಗಿದ ಮೇಲೆ ಆ ತೇವದಲ್ಲಿಯೇ ಗೋಧಿ, ಕಡಲೆ ಬೆಳೆಯುತ್ತಾರೆ. ವರ್ಷಕ್ಕೆ 200 ಮಿ.ಮೀ. ಮಳೆಯೂ ಬೀಳದ ನಾಡಿನಲ್ಲಿ ಗೋಧಿಯ ಹಸಿರನ್ನು ಮೊದಲ ಸಲ ಕಂಡಾಗ ಮಾವನಿಗೆ ನೆನಪಾದದ್ದು ಈ ಹೊಂಡವೇ.

ರಾತ್ರಿ ಮನೆಯಲ್ಲಿ ಅವರ ನೌಕರಿಯ ಮೊದಲ ದಿನಗಳ ಮಾತು ಬಂತು. 1980ರಲ್ಲಿ, ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಮುಗಿಸಿದ ಎರಡು ವರ್ಷಕ್ಕೆ ಜೋಧಪುರಕ್ಕೆ ನೇಮಕದ ಆದೇಶ ಬಂದಾಗ, ಅಜ್ಜಿ ಆ ಕಾಗದವನ್ನು ದೇವರ ಮುಂದಿಟ್ಟು ಕೇಳಿದ್ದು ಒಂದೇ ಪ್ರಶ್ನೆ: "ಕಲ್ಲಿನ ವಿದ್ಯೆ ಓದಿದವನಿಗೆ ಕಲ್ಲೇ ಇಲ್ಲದ ಊರಲ್ಲಿ ಏನಪ್ಪಾ ಕೆಲಸ?" ಜೋಧಪುರದಲ್ಲಿ ಕಲ್ಲಿಗೆ ಬರವಿಲ್ಲ. ಮೆಹರಾನಗಢ ಕೋಟೆಯ ಬುಡದಲ್ಲಿಯೇ ಸುಮಾರು 75 ಕೋಟಿ ವರ್ಷಗಳ ಹಿಂದಿನ ಮಲಾನಿ ಜ್ವಾಲಾಮುಖಿಗಳ ಬೂದಿ ಬಿಸಿಯಲ್ಲಿಯೇ ಬೆಸೆದುಕೊಂಡು ಗಟ್ಟಿ ಕಲ್ಲಾಗಿದ್ದು, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೂ ಆಗಿದೆ. ಆದರೆ ಮಾವನಿಗೆ ಒಪ್ಪಿಸಿದ ಕೆಲಸ ಆ ಕಲ್ಲಿನದಲ್ಲ, ಮರಳಿನದು. ಅಜ್ಜಿಯ ಪ್ರಶ್ನೆಗೆ ಆಗ ಅವರಲ್ಲಿ ಉತ್ತರವಿರಲಿಲ್ಲ.

ಎರಡನೆಯ ದಿನ

ಬೆಳಿಗ್ಗೆ ಹಿರಿಯೂರು ರಸ್ತೆ ಹಿಡಿದು ಐಮಂಗಲದ ಕಡೆಯ ಮರಡಿಹಳ್ಳಿಗೆ ಹೋದೆವು. ಎಂ.ಎಸ್ಸಿ. ಓದುವಾಗ ಮಾವ ತಮ್ಮ ಅಧ್ಯಾಪಕರೊಂದಿಗೆ ಬಂದು ಮೊದಲ ಬಾರಿಗೆ ಸುತ್ತಿಗೆ ಹಿಡಿದ ಜಾಗ ಇದು. ಇಲ್ಲಿನ ದಿಂಬು ಲಾವಾ ಕೂಡ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. 250 ಕೋಟಿ ವರ್ಷಗಳಿಗೂ ಹಿಂದೆ ಸಮುದ್ರದ ತಳದಲ್ಲಿ ಉಕ್ಕಿದ ಲಾವಾ ನೀರಿಗೆ ತಗುಲಿದೊಡನೆ ಮೇಲೆ ಸಿಪ್ಪೆಗಟ್ಟಿ, ಒಳಗಿನ ಬಿಸಿ ರಸ ಉಬ್ಬುತ್ತ ಹೋಗಿ, ಒಂದರ ಮೇಲೊಂದು ದಿಂಬು ಒಟ್ಟಿದಂತೆ ಗಟ್ಟಿಯಾಗಿದೆ. ಮೇಲೆ ಕುಳಿತ ದಿಂಬು ಕೆಳಗಿನ ಎರಡು ದಿಂಬುಗಳ ನಡುವಿನ ಸಂದಿಗೆ ಮೂತಿ ಇಳಿಸಿರುತ್ತದೆ, ಬೆನ್ನು ಮಾತ್ರ ಉಬ್ಬಿರುತ್ತದೆ. ಹೀಗಾಗಿ ಪದರಗಳೆಲ್ಲ ಮಡಿಚಿ ಮಗುಚಿ ಬಿದ್ದ ಬೆಟ್ಟದಲ್ಲಿಯೂ ಮೊದಲು ಮೇಲ್ಭಾಗ ಯಾವುದಾಗಿತ್ತೆಂದು ಹೇಳಬಹುದು. ಮಾವ ಮಂಡಿಯೂರಿ ಕುಳಿತು ಆ ಮೂತಿಗಳ ಮೇಲೆ ಬೆರಳಾಡಿಸುತ್ತಿದ್ದರು, ಸುತ್ತಿಗೆಯನ್ನು ಮಾತ್ರ ಗಾಡಿಯಲ್ಲಿಯೇ ಬಿಟ್ಟು ಬಂದಿದ್ದರು. ಸ್ಮಾರಕದ ಕಲ್ಲಿಗೆ ಏಟು ಹಾಕಬಾರದೆಂಬುದನ್ನು ಅಲ್ಲಿ ಹೆಸರು ಕೆತ್ತಿ ಹೋದವರಿಗೂ ಯಾರಾದರೂ ಹೇಳಬೇಕಿತ್ತು.

ಇಂಥ ಕಲ್ಲಿನಿಂದ ಮರಳಿಗೆ ಹೋದದ್ದು ಅವರಿಗೆ ಮೊದಲು ಶಿಕ್ಷೆಯಂತೆ ಕಂಡಿತ್ತು. ಕೋಟಿ ವರ್ಷಗಳ ಲೆಕ್ಕ ಬಿಟ್ಟು ಸಾವಿರ ವರ್ಷಗಳ ಲೆಕ್ಕಕ್ಕೆ ಇಳಿಯಬೇಕು, ಸುತ್ತಿಗೆಗಿಂತ ಸನಿಕೆಗೆ ಹೆಚ್ಚು ಕೆಲಸ. ಜೀಪು ಹೂತು ಹೋದ ದಿನಗಳಲ್ಲಿ ಒಂಟೆಯ ಮೇಲೆ ಸಾಮಾನು ಹೇರಿಕೊಂಡು, ಮೇ ತಿಂಗಳ ಬಿಸಿಲಿನಲ್ಲಿ ನಸುಕಿನಿಂದ ಹತ್ತು ಗಂಟೆಯವರೆಗೆ ಮಾತ್ರ ದುಡಿದು, ಉಳಿದ ಹಗಲೆಲ್ಲ ಡೇರೆಯಲ್ಲಿ ನಕ್ಷೆ ಬರೆಯುತ್ತಿದ್ದರು. ಎರಡು ವರ್ಷ ವರ್ಗಾವಣೆಗೆ ಅರ್ಜಿ ಹಾಕಿದರು, ಮೂರನೆಯ ವರ್ಷ ಹಾಕಲಿಲ್ಲ. ಕಾರಣ ಕೇಳಿದೆ. ಡೀಡ್ವಾನಾದ ಬಳಿ ಸುಮಾರು 20 ಮೀಟರ್ ಆಳದವರೆಗೆ ಕಡಿದ ಒಂದು ಮರಳುದಿಬ್ಬದ ಗೋಡೆಯನ್ನು ನೋಡಿದ್ದೇ ಕಾರಣ ಎಂದರು. ಪುರಾತತ್ತ್ವಜ್ಞರಾದ ವಿ. ಎನ್. ಮಿಶ್ರ ಮತ್ತು ಎಸ್. ಎನ್. ರಾಜಗುರು ಅವರ ತಂಡ ಅಧ್ಯಯನ ಮಾಡಿದ, '16 ಆರ್' ಎಂದು ಹೆಸರಾದ ದಿಬ್ಬ ಅದು. ಅದರ ಗೋಡೆಯಲ್ಲಿ ಮರಳು, ಅದರ ಮೇಲೆ ಸುಣ್ಣದ ಹರಳು ಕಟ್ಟಿದ ಕೆಂಚು ಮಣ್ಣು, ಮತ್ತೆ ಮರಳು, ಮತ್ತೆ ಹರಳು ಎಂದು ಪದರದ ಮೇಲೆ ಪದರವಿದ್ದು, ಆ ಪದರಗಳ ನಡುವೆ ಹಳೆಯ ಶಿಲಾಯುಗದ ಜನ ಬಿಟ್ಟುಹೋದ ಕಲ್ಲಿನ ಆಯುಧಗಳೂ ಇದ್ದವು. ಮರಳಿರುವ ಪದರವೆಂದರೆ ದಿಬ್ಬ ನಡೆಯುತ್ತಿದ್ದ ಕಾಲ, ಹರಳಿರುವ ಪದರವೆಂದರೆ ಮಳೆ ಬಂದು ಹುಲ್ಲು ಹಬ್ಬಿ ದಿಬ್ಬ ನಿಂತಿದ್ದ ಕಾಲ. ಅಲ್ಲಿಂದ ಮುಂದೆ ಮಾವನ ಇಡೀ ವೃತ್ತಿಜೀವನ ಒಂದೇ ಪ್ರಶ್ನೆಯ ಹಿಂದೆ ಹೋಯಿತು: ಮರಳು ಯಾವಾಗ ನಡೆಯಿತು, ಯಾವಾಗ ನಿಂತಿತು?

ಸಂಜೆ ಮಾರಿಕಣಿವೆಗೆ ಇಳಿದೆವು. ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ವೇದಾವತಿಯನ್ನು ತಡೆದು 1898ರಿಂದ 1907ರವರೆಗೆ ಕಟ್ಟಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ, ಮತ್ತೆ ಕೋಡಿ ಬೀಳಲು 2022ರವರೆಗೆ 89 ವರ್ಷ ಕಾಯಬೇಕಾಯಿತು. ಆ ಸುದ್ದಿಯನ್ನು ನಾನು ಫೋನಿನಲ್ಲಿ ಹೇಳಿದಾಗ ಮಾವ ಬಹಳ ಹೊತ್ತು ಮಾತನಾಡಿರಲಿಲ್ಲ. ಕಾರಣವನ್ನು ಏರಿಯ ಮೇಲೆ ನಿಂತು ಹೇಳಿದರು. 1987ರಲ್ಲಿ ಅಜ್ಜಿ ತೀರಿಕೊಂಡಾಗ ಟೆಲಿಗ್ರಾಂ ಅವರ ಡೇರೆಗೆ ತಲುಪಿದ್ದು ಐದು ದಿನಗಳ ನಂತರ, ಒಂಟೆಯವನೊಬ್ಬನ ಕೈಯಲ್ಲಿ. ಮೂರು ರೈಲು ಬದಲಿಸಿ ಊರು ಸೇರುವಷ್ಟರಲ್ಲಿ ಒಂಬತ್ತನೆಯ ದಿನ. ಅಜ್ಜಿ ಸಾಯುವ ಮೊದಲು "ಅವನ ಊರಲ್ಲಿ ಈ ಸಲವಾದರೂ ಮಳೆ ಆಯ್ತಾ?" ಎಂದು ಕೇಳಿದ್ದಳೆಂದು ನನ್ನ ಅಮ್ಮ ಅವರಿಗೆ ತಿಳಿಸಿದ್ದರು. ಆ ವರ್ಷ ರಾಜಸ್ಥಾನದಲ್ಲಿ ಭೀಕರ ಬರ.

ಮೂರನೆಯ ದಿನ

ಹೊಳಲ್ಕೆರೆ ತಾಲ್ಲೂಕಿನ ತಾಳ್ಯದ ಸುತ್ತ ಅರ್ಧ ದಿನ ಓಡಾಡಿದ್ದು ಬಿಟ್ಟರೆ ಉಳಿದ ಅರ್ಧ ದಿನ ವಿಶ್ರಾಂತಿ. ತಾಳ್ಯದ ಕಲ್ಲು ನೋಡಲು ಚೆಲುವಲ್ಲ. ನಯವಾದ ಕೆಸರಿನಂಥ ಕಲ್ಲಿನೊಳಗೆ ನಾನಾ ಜಾತಿಯ, ನಾನಾ ಗಾತ್ರದ ಉಂಡೆಗಲ್ಲುಗಳು ಹೂತುಕೊಂಡಿವೆ. ಹೊಳೆ ತಂದ ಕಲ್ಲಾದರೆ ಗಾತ್ರಕ್ಕೆ ತಕ್ಕಂತೆ ವಿಂಗಡವಾಗಬೇಕಿತ್ತು, ಇದು ಹಿಮನದಿ ಹೊತ್ತು ತಂದು ಸಮುದ್ರಕ್ಕೆ ಕೆಡವಿದ್ದು, ಸುಮಾರು 270 ಕೋಟಿ ವರ್ಷ ಹಳೆಯದು ಎಂದು ಕೆಲವು ಭೂವಿಜ್ಞಾನಿಗಳು ವಾದಿಸಿದ್ದಾರೆ. ಥಾರ್‌ನಲ್ಲಿ ಫಲೋದಿಯ ಹತ್ತಿರದ ಬಾಪ್ ಎಂಬ ಹಳ್ಳಿಯಲ್ಲಿಯೂ ಸುಡುವ ಬಯಲಿನಲ್ಲಿ ಹಿಮ ಹೊತ್ತು ತಂದ ಗುಂಡುಗಳು ಹರಡಿಕೊಂಡಿವೆ. ಅವು ಬಹಳ ಈಚಿನವು, ಭಾರತ ಗೊಂಡ್ವಾನ ಭೂಖಂಡದ ಭಾಗವಾಗಿ ದಕ್ಷಿಣ ಧ್ರುವದ ಸಮೀಪವಿದ್ದ ಸುಮಾರು 30 ಕೋಟಿ ವರ್ಷಗಳ ಹಿಂದಿನವು. ಹೊಸದಾಗಿ ಸೇರಿದ ಹುಡುಗರನ್ನು ಮಾವ ಮೊದಲು ಬಾಪ್‌ಗೆ ಕರೆದೊಯ್ಯುತ್ತಿದ್ದರಂತೆ, ಮರಳುಗಾಡು ಮೊದಲಿನಿಂದಲೂ ಮರಳುಗಾಡಲ್ಲ ಎಂಬುದು ಕಾಲಿಗೆ ತಾಗಲಿ ಎಂದು. ಅಲ್ಲಿಂದ ಜೈಸಲ್ಮೇರ್ ಬಳಿಯ ಆಕಲ್‌ಗೆ ಹೋಗಿ, ಸುಮಾರು 18 ಕೋಟಿ ವರ್ಷಗಳ ಹಿಂದೆ ಕಾಡಾಗಿ ನಿಂತಿದ್ದು ಈಗ ಕಲ್ಲಾಗಿ ಮಲಗಿರುವ ಮರದ ದಿಮ್ಮಿಗಳನ್ನು ತೋರಿಸಿದರೆ ಪಾಠ ಮುಗಿದಂತೆ.

ಸಂಜೆ ಮನೆಯ ಮಾಳಿಗೆಯ ಮೇಲೆ ಮಂಡಕ್ಕಿ ಮಿರ್ಚಿ ತಿನ್ನುತ್ತ ಕುಳಿತಾಗ ಜೋಗಿಮಟ್ಟಿಯ ಕಡೆಯ ಸಾಲುಬೆಟ್ಟಗಳಲ್ಲಿ ಗಾಳಿಯಂತ್ರಗಳು ಬಿಡುವಿಲ್ಲದೆ ತಿರುಗುತ್ತಿದ್ದವು. ಪಕ್ಕದ ಮನೆಯ ಹುಡುಗರು ಗಾಳಿಪಟ ಹಾರಿಸುತ್ತಿದ್ದರು. "ನೋಡಮ್ಮ, ಪಟದ ಬಾಲ ಎತ್ತ ಹೊರಳಿದೆ?" ಎಂದು ಮಾವ ಕೇಳಿದರು. ಈಶಾನ್ಯಕ್ಕೆ ಎಂದೆ. ಥಾರ್‌ನ ದಿಬ್ಬಗಳೂ ಹೆಚ್ಚಾಗಿ ಆ ದಿಕ್ಕಿಗೇ ಮುಖ ಮಾಡಿವೆ ಎಂದರು. ಘಟ್ಟದ ಆಚೆ ಮಳೆ ಸುರಿಸಿ, ನಮ್ಮಲ್ಲಿಗೆ ಬರೀ ಸದ್ದಾಗಿ ಬರುವ ನೈರುತ್ಯದ ಈ ಮುಂಗಾರು ಗಾಳಿಯದೇ ಇನ್ನೊಂದು ಸೆರಗು ಅರಬ್ಬೀ ಸಮುದ್ರದ ಮೇಲಿಂದ ಸಿಂಧ್ ದಾಟಿ ಥಾರ್‌ಗೆ ಹೋಗುತ್ತದೆ. ಅವರು ಆಷಾಢವನ್ನೇ ಏಕೆ ಆರಿಸಿಕೊಂಡರೆಂಬುದು ನನಗೆ ಅರ್ಥವಾದದ್ದು ಆಗ.

ನಾಲ್ಕನೆಯ ದಿನ

ನಸುಕಿನಲ್ಲಿಯೇ ಬುತ್ತಿ ಕಟ್ಟಿಕೊಂಡು ಹೊರಟೆವು. ಸಜ್ಜೆ ರೊಟ್ಟಿ ಬೇಕೆಂದು ಮಾವನೇ ಕೇಳಿದ್ದರು. ಜೋಧಪುರದಲ್ಲಿ ಅದನ್ನು ಬಾಜ್ರೆಯ ಸೋಗ್ರಾ ಎನ್ನುತ್ತಾರೆ, ನೌಕರಿಯ ಮೊದಲ ವರ್ಷ ಮನೆಯ ನೆನಪು ತಂದ ಒಂದೇ ಊಟ ಅದು. ಚಳ್ಳಕೆರೆ ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದು. ಇನ್ನೂ ಶೇಂಗಾ ಬಿತ್ತದ ಕೆಂಪು ಹೊಲಗಳು ಎರಡೂ ಕಡೆ ಮೋಡಕ್ಕೆ ಬಾಯಿ ತೆರೆದು ಮಲಗಿದ್ದವು. ರಸ್ತೆಯ ಬದಿಯ ಬಳ್ಳಾರಿ ಜಾಲಿಯ ನಡುವೆ ಒಂಟಿಯಾಗಿ ನಿಂತಿದ್ದ ಬನ್ನಿ ಮರದ ಕೆಳಗೆ ಗಾಡಿ ನಿಲ್ಲಿಸಲು ಹೇಳಿ, ಮಾವ ಅದರ ಕಾಂಡ ಮುಟ್ಟಿ ಕಣ್ಣಿಗೊತ್ತಿಕೊಂಡರು. ನಾವು ದಸರೆಗೆ ಪೂಜಿಸುವ ಬನ್ನಿಯೇ ಮಾರವಾಡದ ಖೇಜಡಿ. ಅದನ್ನು ಕಡಿಯಬಾರದೆಂದು 1730ರಲ್ಲಿ ಖೇಜಡಲಿ ಗ್ರಾಮದ ಸುತ್ತಲಿನ 363 ಮಂದಿ ಬಿಷ್ಣೋಯಿ ಪಂಥದವರು ಮರ ತಬ್ಬಿಕೊಂಡು ಪ್ರಾಣ ಕೊಟ್ಟದ್ದನ್ನು ಅಲ್ಲಿನವರು ನಿನ್ನೆಯ ಮಾತಿನಂತೆ ಹೇಳುತ್ತಾರೆ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಸ್ವಲ್ಪ ಹೊತ್ತು ನಿಂತೆವು. 1892ರಲ್ಲಿ ಶಾಸನತಜ್ಞ ಬಿ. ಎಲ್. ರೈಸ್ ಗುರುತಿಸಿದ ಅಶೋಕನ ಶಾಸನದ ಕೊನೆಯಲ್ಲಿ ಲಿಪಿಕಾರ ಚಪಡ ತನ್ನ ಹೆಸರು ಹೇಳಿ, 'ಲಿಪಿಕರೇಣ' ಎಂಬ ಮಾತನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಅಲ್ಲಿನ ಅಕ್ಷರ ಕಲಿತವನೊಬ್ಬ ಇಲ್ಲಿಯ ಬಂಡೆಯ ಮುಂದೆ ಕುಳಿತು ಕೆಲಸ ಮಾಡಿದ್ದನ್ನು ನೆನೆದು ಮಾವ ಕೈಮುಗಿದರು. ಅವರಿಗೆ ಆ ಬಂಡೆಯ ಜಾತಿಗಿಂತ ಆ ಮನುಷ್ಯನೇ ಹತ್ತಿರದವನಾಗಿ ಕಂಡಿರಬೇಕು.

ಆಂಧ್ರದ ರಾಯದುರ್ಗ ದಾಟಿ ಕಣೇಕಲ್ಲಿನ ಕಡೆಗೆ ಹೋಗುವಾಗ ರಾಜ್ಯ ಬದಲಾಗಿರುತ್ತದೆ, ಹೊಳೆ ಬದಲಾಗಿರುವುದಿಲ್ಲ. ಮಾರಿಕಣಿವೆಯಲ್ಲಿ ನಾವು ನೋಡಿದ ವೇದಾವತಿಯೇ ಇಲ್ಲಿ ಹಗರಿ. ಮೇಲೆ ವಾಣಿವಿಲಾಸ ಸಾಗರ, ಅದರ ಕೆಳಗೆ ಬೈರವಾನಿತಿಪ್ಪ ಅಣೆಕಟ್ಟು, ಅದರ ಕೆಳಗೆ ವರ್ಷದ ಬಹುಪಾಲು ಬತ್ತಿ ಬಿಳುಪೇರಿದ ಅಗಲವಾದ ಮರಳಿನ ಪಾತ್ರ. ಹೊಳೆ ಉತ್ತರಕ್ಕೆ ಹರಿಯುತ್ತದೆ, ಆಷಾಢದ ಗಾಳಿ ನೈರುತ್ಯದಿಂದ ಅಡ್ಡಲಾಗಿ ಬೀಸುತ್ತದೆ. ಹೀಗಾಗಿ ಒಣಗಿದ ಪಾತ್ರದ ಮರಳು ಎದ್ದು ಪೂರ್ವದ ದಡ ಹತ್ತಿ, ಹೊಲಗಳ ಮೇಲೆ ದಿಬ್ಬ ದಿಬ್ಬವಾಗಿ ಕೂತಿದೆ. ನನ್ನ ಊರಿನ ಹೊಳೆಗೆ ಹೀಗೊಂದು ಮರಳುಗಾಡಿನ ತುಂಡು ಇದೆಯೆಂದು ನನಗೆ ಈವರೆಗೆ ತಿಳಿದಿರಲಿಲ್ಲ, ಇದನ್ನು ಇಷ್ಟು ದಿನ ಪಾಠದಲ್ಲಿ ಹೇಳದೆ ಇದ್ದೆನಲ್ಲ ಎಂದು ನಿಜವಾಗಿ ಬೇಸರವಾಯಿತು.

ಗಾಳಿಯ ಎದುರು ಮಗ್ಗುಲಿನಿಂದ ದಿಬ್ಬ ಹತ್ತಿದೆವು. ಮೇಲ್ಮೈ ತುಂಬ ಬೆರಳಗಲದ ಅಲೆಗಳು, ಅಲೆಗಳ ಮೇಲೆ ಮೊಣಕಾಲೆತ್ತರದವರೆಗೆ ಹೊಗೆಯಂತೆ ಓಡುವ ಮರಳು. ಮರಳಿನ ಹರಳುಗಳಲ್ಲಿ ಹೆಚ್ಚಿನವು ಹಾರುವುದಿಲ್ಲ, ಪುಟಿಯುತ್ತವೆ ಎಂದು ಮಾವ ಕೂಗಿ ಹೇಳಿದರು. ಒಂದು ಹರಳು ಬಿದ್ದ ರಭಸಕ್ಕೆ ಇನ್ನಷ್ಟು ಹರಳುಗಳು ಏಳುತ್ತವೆ, ನೆತ್ತಿಯವರೆಗೆ ಹಾಗೆಯೇ ಪುಟಿದು ಬಂದು ಆಚೆಯ ಮರೆಯಲ್ಲಿ ಜಾರಿ ಬೀಳುತ್ತವೆ. ಆ ಮಗ್ಗುಲು ಮೂವತ್ತೆರಡು, ಮೂವತ್ತನಾಲ್ಕು ಡಿಗ್ರಿಗಿಂತ ಕಡಿದಾಗಿ ನಿಲ್ಲಲಾರದು, ನಿಂತರೆ ಕುಸಿಯುತ್ತದೆ. ಜೈಸಲ್ಮೇರ್ ಬಳಿಯ ಸಾಮ್‌ನ ದಿಬ್ಬವಾಗಲಿ ಹಗರಿಯ ದಿಬ್ಬವಾಗಲಿ, ಒಣ ಮರಳಿಗೆ ಈ ಕೋನ ಒಂದೇ.

ದಿಬ್ಬದ ಮರೆಯಲ್ಲಿ ಬುತ್ತಿ ಬಿಚ್ಚಿದಾಗ, ಮರಳಿಗೆ ವಯಸ್ಸು ಹೇಗೆ ಕಟ್ಟುತ್ತೀರಿ ಎಂದು ಕೇಳಿದೆ. ಅವರು ರೊಟ್ಟಿ ಕೆಳಗಿಟ್ಟು ವಿವರಿಸಿದ್ದನ್ನು ನನಗೆ ತಿಳಿದಂತೆ ಬರೆಯುತ್ತೇನೆ. ಮಣ್ಣಿನಲ್ಲಿರುವ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳ ವಿಕಿರಣ ಮತ್ತು ಆಕಾಶದಿಂದ ಬರುವ ವಿಶ್ವಕಿರಣ ಬೆಣಚುಕಲ್ಲಿನ ಹರಳಿನಲ್ಲಿ ವರ್ಷ ವರ್ಷವೂ ಒಂದಿಷ್ಟು ಶಕ್ತಿಯನ್ನು ಕೂಡಿಡುತ್ತವೆ. ಹರಳು ಬಿಸಿಲಿಗೆ ಬಿದ್ದರೆ ಸ್ವಲ್ಪ ಹೊತ್ತಿನಲ್ಲಿಯೇ ಆ ಗಂಟು ಕರಗಿ ಲೆಕ್ಕ ಸೊನ್ನೆಯಾಗುತ್ತದೆ. ಮೇಲೆ ಬೇರೆ ಮರಳು ಬಿದ್ದು ಕತ್ತಲಾದ ದಿನದಿಂದ ಬಡ್ಡಿ ಬೆಳೆದಂತೆ ಮತ್ತೆ ಬೆಳೆಯತೊಡಗುತ್ತದೆ. ದಿಬ್ಬದ ಹೊಸದಾಗಿ ಕಡಿದ ಗೋಡೆಗೆ ಉಕ್ಕಿನ ಕೊಳವೆ ಬಡಿದು, ಕಪ್ಪು ಬಟ್ಟೆಯ ಮರೆಯಲ್ಲಿ ಹೊರಗೆಳೆದು, ಎರಡೂ ಬಾಯಿ ಬಿಗಿದು ತಂದರೆ, ಪ್ರಯೋಗಾಲಯದ ಮಂದ ಕೆಂಪು ಬೆಳಕಿನಲ್ಲಿ ಅದನ್ನು ತೆರೆಯುತ್ತಾರೆ. ಹರಳಿಗೆ ಬೆಳಕಿನ ಪ್ರಚೋದನೆ ಕೊಟ್ಟಾಗ ಅದು ಕೂಡಿಟ್ಟ ಶಕ್ತಿಯನ್ನು ಮಿನುಗಾಗಿ ಬಿಡುತ್ತದೆ. ಆ ಒಟ್ಟು ಗಂಟನ್ನು ವರ್ಷದ ಗಳಿಕೆಯಿಂದ ಭಾಗಿಸಿದರೆ ಹೂತು ಎಷ್ಟು ವರ್ಷವಾಯಿತೆಂದು ಸಿಗುತ್ತದೆ. ಲ್ಯುಮಿನೆಸೆನ್ಸ್ ಎಂದು ಕರೆಯುವ ಈ ಕ್ರಮವನ್ನು ಥಾರ್‌ನ ಮರಳಿಗೆ ಅಳವಡಿಸುವಲ್ಲಿ ಅಹಮದಾಬಾದಿನ ಭೌತ ಸಂಶೋಧನಾಲಯದ ಎ. ಕೆ. ಸಿಂಘ್ವಿ ಅವರ ಪಾತ್ರ ದೊಡ್ಡದು.

ಒಮ್ಮೆ ಹನ್ನೊಂದು ದಿನ ಅಗೆದು ತೆಗೆದ ಕೊಳವೆಗಳ ಮುಚ್ಚಳ ದಾರಿಯ ಕುಲುಕಾಟಕ್ಕೆ ಬಿಚ್ಚಿಕೊಂಡು, ಅಷ್ಟೂ ಮಾದರಿಗಳಿಗೆ ಬಿಸಿಲು ತಾಗಿತ್ತಂತೆ. ಹೂತಿದ್ದ ಸಾವಿರಾರು ವರ್ಷಗಳ ಲೆಕ್ಕ ಜೀಪಿನ ಹಿಂಬದಿಯಲ್ಲಿ ಅಳಿಸಿಹೋಯಿತು. ಅದನ್ನು ಹೇಳುವಾಗ ಮಾವನ ದನಿ ಇಂದಿಗೂ ಇಳಿಯುತ್ತದೆ.

ಹೀಗೆ ದಿಬ್ಬದಿಂದ ದಿಬ್ಬಕ್ಕೆ ವಯಸ್ಸು ಕಟ್ಟುತ್ತ ಹೋದಾಗ ಸಿಕ್ಕ ಉತ್ತರ, ನನ್ನ ಮಟ್ಟಿಗೆ, ಈ ಪ್ರವಾಸದಲ್ಲಿ ಕೇಳಿದ ಅತಿ ದೊಡ್ಡ ಸಂಗತಿ. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗ ತುತ್ತತುದಿ ಮುಟ್ಟಿ ಥಾರ್ ಬಹಳ ಒಣಗಿದ್ದಾಗ, ದಿಬ್ಬಗಳು ಹೆಚ್ಚು ಬೆಳೆದಿರಬೇಕೆಂದು ಯಾರಾದರೂ ಊಹಿಸುತ್ತಾರೆ. ಆದರೆ ದಿಬ್ಬಗಳು ಭರದಿಂದ ಬೆಳೆದದ್ದು ಆಮೇಲೆ, ಸರಿಸುಮಾರು 14,000ದಿಂದ 10,000 ವರ್ಷಗಳ ಹಿಂದೆ, ಮುಂಗಾರು ಮತ್ತೆ ಚೇತರಿಸಿಕೊಳ್ಳುತ್ತಿದ್ದಾಗ. ಹಿಮಯುಗದ ತುದಿಯಲ್ಲಿ ಮರಳಿತ್ತು, ಅದನ್ನು ಹೊರುವ ನೈರುತ್ಯದ ಗಾಳಿ ಸೊರಗಿತ್ತು. ಮುಂಗಾರು ಮರಳಿದಾಗ ಮೊದಲು ಗಾಳಿ ಬಲವಾಯಿತು. ಮಳೆ ಹೆಚ್ಚಿ ನೆಲಕ್ಕೆ ಹುಲ್ಲು ಹಬ್ಬುವ ಮುನ್ನಿನ ಆ ನಡುಗಾಲದಲ್ಲಿ ಮರಳು ನಡೆಯಿತು. ಮಳೆಗೆ ಮೊದಲು ಗಾಳಿ ಬರುವುದನ್ನು ಪ್ರತಿ ಆಷಾಢದಲ್ಲಿ ನೋಡುವ ಚಿತ್ರದುರ್ಗದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪಕ್ಕದ ಹೊಲದ ರೈತರೊಬ್ಬರು ನಮ್ಮನ್ನು ಕಂಡು ಬಂದರು. "ತಾತನ ಕಾಲದಿಂದಲೂ ಇದರ ಜೊತೆ ಗುದ್ದಾಟನೇ ಸ್ವಾಮಿ. ತೆಗೆದು ಹಾಕಿದ್ರೆ ಮುಂದಿನ ಆಷಾಢಕ್ಕೆ ಮತ್ತೆ ಬಂದಿರುತ್ತೆ" ಎಂದರು. ಜೋಧಪುರದ ಕೇಂದ್ರೀಯ ಒಣಪ್ರದೇಶ ಸಂಶೋಧನಾ ಸಂಸ್ಥೆ ದಿಬ್ಬಗಳನ್ನು ನಿಲ್ಲಿಸುವ ಬಗೆಯನ್ನು ಮಾವ ಅವರ ಮುಂದೆ ಕಡ್ಡಿಯಿಂದ ಗೀಚಿ ತೋರಿಸಿದರು: ಮುಳ್ಳುಕಂಟಿಗಳನ್ನು ಗಾಳಿಗೆ ಅಡ್ಡಲಾಗಿ, ಕೆಲವು ಮೀಟರ್‌ಗೊಂದು ಸಾಲಿನಂತೆ ನೆತ್ತಿಯಿಂದ ಬುಡದವರೆಗೆ ಹೂಳುವುದು, ಸಾಲುಗಳ ನಡುವೆ ಮೊದಲ ಮಳೆಗೆ ಹುಲ್ಲು ಬಿತ್ತಿ ಗಿಡ ನೆಡುವುದು, ಅದು ಬೇರೂರುವವರೆಗೆ ಕುರಿ ದನ ಹತ್ತದಂತೆ ಕಾಯುವುದು. ದಿಬ್ಬದ ಬುಡದಲ್ಲಿ ಒಂದೇ ಗೋಡೆ ಎತ್ತಿದರೆ ಮರಳು ಅದನ್ನು ಹತ್ತಿ ದಾಟುತ್ತದೆ. ರೈತರು ಸಾಲುಗಳ ಅಂತರ ಎಷ್ಟಿರಬೇಕೆಂದು ಎರಡು ಬಾರಿ ಕೇಳಿ, ಹೆಜ್ಜೆ ಹಾಕಿ ಅಳೆದು ನೋಡಿದರು. ಜಾಲಿ ಕಂಟಿಗೇನೂ ಬರವಿಲ್ಲ ಎಂದರು.

ಐದನೆಯ ದಿನ

ರಾತ್ರಿಯ ರೈಲಿಗೆ ಮೊದಲು ಮಾಡಲು ಬೇರೆ ಕೆಲಸವಿರಲಿಲ್ಲ. ಬೆಳಿಗ್ಗೆ ಅಡುಗೆಮನೆಯ ಕಿಟಕಿಯ ಬಳಿ, ಹಗರಿಯ ದಿಬ್ಬದಿಂದ ತಂದ ಒಂದು ಹಿಡಿ ಮರಳನ್ನು ಬಿಳಿಯ ಹಾಳೆಯ ಮೇಲೆ ಹರಡಿ, ಮಾವ ತಮ್ಮ ಭೂತಗನ್ನಡಿಯನ್ನು ನನ್ನ ಕೈಗಿಟ್ಟರು. ಹೆಚ್ಚಿನವು ಗಾಜಿನಂಥ ಬೆಣಚುಕಲ್ಲಿನ ಹರಳುಗಳು. ನಡುನಡುವೆ ತುಸು ಗುಲಾಬಿ ಬಣ್ಣದವು ಫೆಲ್ಡ್‌ಸ್ಪಾರ್, ಗ್ರಾನೈಟಿನಿಂದ ಬಿಡಿಸಿಕೊಂಡು ಬಂದವು. ಅಲ್ಲಲ್ಲಿ ಕರಿಯ ಚೂರುಗಳು. ಅಂಚುಗಳು ಇನ್ನೂ ಚೂಪಾಗಿವೆ, ಗಾಳಿಯಲ್ಲಿ ಬಹಳ ಕಾಲ ಪುಟಿದ ಹರಳುಗಳಾಗಿದ್ದರೆ ಮೂಲೆ ಸವೆದು ಮೈ ಮಸುಕಾಗಿರುತ್ತಿತ್ತು ಎಂದರು. ಇವು ಹೊಳೆಯ ಪಾತ್ರದಿಂದ ಎದ್ದು ಹೆಚ್ಚು ದೂರ ಬಂದಿಲ್ಲ. ವೇದಾವತಿ ಮತ್ತು ಅದರ ಹಳ್ಳಗಳು ತೊಳೆದು ತಂದ ನಮ್ಮದೇ ಬೆಟ್ಟಗಳ ಪುಡಿ ಇದು.

"ಅಮ್ಮ ಕೇಳಿದ್ದಳಲ್ಲ, ಕಲ್ಲೇ ಇಲ್ಲದ ಊರಲ್ಲಿ ಏನು ಕೆಲಸ ಅಂತ" ಎಂದು ಮಾವ ಮಾತು ಶುರುಮಾಡಿ, ಅದನ್ನು ಅಲ್ಲಿಗೇ ಬಿಟ್ಟು, ಮರಳನ್ನು ಹಾಳೆಯಿಂದ ಒಂದು ಹರಳೂ ಚೆಲ್ಲದಂತೆ ಎರಡು ಪೊಟ್ಟಣಗಳಿಗೆ ಇಳಿಸಿದರು. ಒಂದನ್ನು ನನ್ನ ಶಾಲೆಗೆಂದು ಕೊಟ್ಟರು, ಇನ್ನೊಂದನ್ನು ತಮ್ಮ ಕೈಚೀಲದಲ್ಲಿ ಇಟ್ಟುಕೊಂಡರು. ಎರಡರ ಮೇಲೂ ಮೂವತ್ತಾರು ವರ್ಷದ ರೂಢಿಯಂತೆ ಜಾಗ, ದಿನ, ಗಾಳಿಯ ದಿಕ್ಕು ಬರೆದು, ಕೆಳಗೆ ಸಣ್ಣ ಅಕ್ಷರಗಳಲ್ಲಿ ಹೀಗೆ ಸೇರಿಸಿದರು: "ಮೇಲ್ಮೈ ಮಾದರಿ. ಬೆಳಕು ತಾಗಿದೆ. ವಯಸ್ಸು ಸೊನ್ನೆ."